ಎಫ್ ಕೊಟ್ಟ ಮೇಷ್ಟ್ರು

ಮಂಜೇಶ್ ತನ್ನ ಜೀವನದಲ್ಲಿ ಕೊಟ್ಟ ಮೊದಲ ಎಫ್ ಅದು. ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಸ್ಟ್ಯಾಟಿಸ್ಟಿಕ್ಸ್ ತರಗತಿಯ ಮೂವತ್ತನಾಲ್ಕು ಜನರ ಗ್ರೇಡುಗಳನ್ನು ಕಾಲೇಜಿನ ವೆಬ್‌ಸೈಟಿಗೆ ಏರಿಸಿದ. ಮೂವತ್ಮೂರು ಜನ ಪಾಸು. ಇ. ಹಾರ್ಗ್ರೋವ್ ಎಂಬ ಒಬ್ಬ ಮಾತ್ರ ನಪಾಸು. ಆನ್‌ಲೈನ್ ತರಗತಿಯಾದ್ದರಿಂದ ಈ ಹಾರ್ಗ್ರೋವನ ಮುಖವನ್ನು ಮಂಜೇಶ್ ಕಂಡಿರಲಿಲ್ಲ. ಪರದೆಯ ಮೇಲೆ ಅವನೊಂದು ಕಪ್ಪು ಚೌಕ, ಅಷ್ಟೆ. ಅಕ್ಟೋಬರ್ ಮುಗಿಯುವ ತನಕ ಚೆನ್ನಾಗಿಯೇ ಬರೆಯುತ್ತಿದ್ದವನು ನವೆಂಬರಿನ ಕೊನೆಯ ಮೂರು ವಾರ ಏನನ್ನೂ ಕಳಿಸಲಿಲ್ಲ. ಮಂಜೇಶ್ ಎರಡು ಈಮೇಲ್ ಬರೆದ, ಒಂದು ವಾರ ಕಾದ, ಆಮೇಲೆ ಕಣ್ಣು ಮುಚ್ಚಿಕೊಂಡು ಎಫ್ ಒತ್ತಿದ.

ಇಪ್ಪತ್ತು ನಿಮಿಷಕ್ಕೆ ಫೋನಿನಲ್ಲಿ ಒಂದು ವಾಯ್ಸ್‌ಮೇಲ್ ಬಂದು ಕೂತಿತು. ದನಿ ಜಲ್ಲಿ ಲಾರಿಯದು, ಮಾತು ಮಾತ್ರ ವಿನಯದ್ದು. ತಾನು ಕೋಚ್ ಡ್ಯೂಕ್, ಸ್ಟ್ಯಾಟಿಸ್ಟಿಕ್ಸಿನ ಒಂದು ಗ್ರೇಡಿನ ಬಗ್ಗೆ ಮಾತನಾಡಬೇಕು, ಹತ್ತು ಗಂಟೆಗೆ ಮನೆಗೇ ಬರುತ್ತೇನೆ, ವಿಳಾಸ ಕೊಡುವ ಶ್ರಮ ಬೇಡ, ಪ್ರೊಫೆಸರರ ಮನೆಗೆ ಸೂರು ಹಾಕಿದವನು ತನ್ನ ತಂಡದ ಹಳೆಯ ಹುಡುಗನೇ ಎಂದಿತು ಆ ದನಿ.

ಮಂಜೇಶ್ ಅದನ್ನು ಮೂರು ಸಲ ಕೇಳಿದ. ಮೂರನೆಯ ಸಲ ಮುಗಿಯುವಾಗ ಅವನ ಮುಖ ನೀರಿಗೆ ಬಿದ್ದ ಹಪ್ಪಳದಂತಾಗಿತ್ತು.

ಅವನು ಕೆಲಸ ಮಾಡುತ್ತಿದ್ದುದು ನಾರ್ತ್‌ವಿಲ್‌ನ ತನ್ನ ಮನೆಯಿಂದ ಇಪ್ಪತ್ತೆಂಟು ಮೈಲಿ ಆಚೆಗಿದ್ದ ಎರಡು ವರ್ಷದ ಡಿಗ್ರಿ ಕೊಡುವ ಒಂದು ಸಣ್ಣ ಕಾಲೇಜಿನಲ್ಲಿ. ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಕಾಂಟ್ರಾಕ್ಟು. ಜನವರಿಯದಕ್ಕೆ ಡೀನ್ ಸೋಮವಾರ ಸಹಿ ಹಾಕಿದರೆ ಕೆಲಸವುಂಟು, ಹಾಕದಿದ್ದರೆ ಇಲ್ಲ. ಕೋಚ್ ಡ್ಯೂಕ್ ಅದೇ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಅಮೆರಿಕನ್ ಫುಟ್‌ಬಾಲ್ ತಂಡ ಕಟ್ಟುತ್ತಿದ್ದವರು. ಮಂಜೇಶ್ ಅವರನ್ನು ದೂರದಿಂದ, ಪಾರ್ಕಿಂಗ್ ಲಾಟಿನ ಆ ತುದಿಯಿಂದ ಮಾತ್ರ ನೋಡಿದ್ದ. ಆ ದೂರದಲ್ಲೂ ಅವರು ಹತ್ತಿರವೇ ಇರುವಂತೆ ಕಾಣುತ್ತಿದ್ದರು, ಅಷ್ಟು ದೊಡ್ಡ ಆಳು. ಹಾರ್ಗ್ರೋವ್ ಅವರ ಆಟಗಾರನೇ ಇರಬೇಕು ಎಂದುಕೊಂಡ ಮಂಜೇಶ್.

ಇಂಥ ಭೇಟಿ ಮಂಜೇಶನ ಮನೆತನಕ್ಕೆ ಹೊಸದಲ್ಲ. ಮೈಸೂರಿನಲ್ಲಿ ಅವನ ತಂದೆ ಪಿಯುಸಿ ಗಣಿತದ ಪೇಪರ್ ತಿದ್ದುತ್ತಿದ್ದರು. ಏಪ್ರಿಲ್ ಬಂತೆಂದರೆ ಗುರುತಿಲ್ಲದ ನೆಂಟರು ಮಾವಿನಹಣ್ಣಿನ ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ತಂದೆ ಅಂಕವನ್ನೂ ಬದಲಾಯಿಸುತ್ತಿರಲಿಲ್ಲ, ಅವರ ಎದುರಿಗೂ ನಿಲ್ಲುತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಹಿಂದಿನ ಕಾಂಪೌಂಡ್ ಹಾರಿಬಿಡುತ್ತಿದ್ದರು. ಪ್ರಾಮಾಣಿಕತೆ ಎಂದರೆ ತಲೆ ತಪ್ಪಿಸಿಕೊಳ್ಳುವುದು ಎಂದೇ ಮಂಜೇಶ್ ಕಲಿತಿದ್ದ.

ಹೆಂಡತಿ ಮಾನಸ ಆ ದಿನ ಟ್ರಾಯ್‌ನ ತನ್ನ ಆಫೀಸಿಗೆ ಹೋಗಿದ್ದಳು. ಫೋನ್ ಮಾಡಿದರೆ, ಮಾತಾಡಿ ಕಳಿಸಿ, ತಿಂದುಬಿಡ್ತಾನಾ ಎಂದು ಇಟ್ಟುಬಿಟ್ಟಳು. ಹಾಗಾಗಿ ಮಂಜೇಶ್ ಪಕ್ಕದ ಮನೆಯ ವೆಂಕಟರಾಮು ಅವರನ್ನು ಕರೆದ. ವೆಂಕಟರಾಮು ಕಾರಿನ ಕಂಪನಿಯೊಂದರಿಂದ ನಿವೃತ್ತರಾದ ಎಂಜಿನಿಯರು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದು ಈಗ ಅವರ ಪೂರ್ಣಾವಧಿ ಕೆಲಸ.

ಡ್ಯೂಕ್ ಹೆಸರು ಕೇಳಿದ್ದೇ ಅವರು ಕುರ್ಚಿ ಎಳೆದುಕೊಂಡು ಕೂತರು. ಮೊದಲ ಹತ್ತು ವರ್ಷ ತಂಡಕ್ಕೆ ಬಸ್ಸೇ ಇರಲಿಲ್ಲವಂತೆ, ಹಳೆಯ ವ್ಯಾನೊಂದನ್ನು ಕೋಚ್ ತಾವೇ ಓಡಿಸುತ್ತಿದ್ದರಂತೆ. ಈಗಲೂ ಮೈದಾನಕ್ಕೆ ಬಿಳಿ ಗೆರೆ ಬಳಿಯುವವರು ಅವರೇ, ಅರುವತ್ತು ಜೆರ್ಸಿ ಒಗೆಯುವವರೂ ಅವರೇ. ಪ್ರತಿದಿನ ಕ್ಲಾಸಿನ ಬಾಗಿಲಲ್ಲಿ ನಿಂತು ಹುಡುಗರು ಒಳಗೆ ಹೋದರೋ ಇಲ್ಲವೋ ಎಂದು ಎಣಿಸುತ್ತಾರೆ. ಹುಡುಗರು ಎರಡು ವರ್ಷ ಚೆನ್ನಾಗಿ ಆಡಿದರೆ ದೊಡ್ಡ ಯೂನಿವರ್ಸಿಟಿಗಳು ಎತ್ತಿಕೊಂಡು ಹೋಗುತ್ತವೆ. ಆಗಸ್ಟಿನಲ್ಲಿ ಮತ್ತೆ ಸೊನ್ನೆಯಿಂದ ಶುರು. ಹೊಸ ಮನೆ ಕಟ್ಟಿ, ಗೃಹಪ್ರವೇಶದ ದಿನ ಬೀಗದ ಕೈ ಬೇರೆಯವರಿಗೆ ಕೊಟ್ಟುಬರುವ ಕೆಲಸ ಅದು. ಕೋಚ್ ಅವರನ್ನೂ ಆ ದೊಡ್ಡ ಯೂನಿವರ್ಸಿಟಿಯವರು ಮೂರು ಸಲ ಕರೆದಿದ್ದರು. ಇಲ್ಲಿನ ಹುಡುಗರನ್ನು ನೋಡುವವರು ಯಾರು ಎಂದು ಹೋಗಲಿಲ್ಲ.

"ನಿಮ್ಮ ಡೀನ್ ಇದಾರಲ್ಲ, ಅವರೂ ಅವನ ಹುಡುಗನೇ," ಎಂದರು ವೆಂಕಟರಾಮು. "ಶೆರಿಫ್ ಡೆಪ್ಯುಟಿ, ಫೈರ್ ಸ್ಟೇಷನ್ನೋರು, ನನ್ನ ಹಲ್ಲು ಕಿತ್ತ ಡಾಕ್ಟ್ರು, ಎಲ್ಲಾ. ಈ ಕೌಂಟೀಲಿ ಅವನ ಹತ್ರ ಬೈಸಿಕೊಳ್ಳದೆ ಇರೋ ಗಂಡಸರು ಅಂದ್ರೆ ನೀವೂ ನಾನೂನೇ ಕಣ್ರೀ."

"ಮಾರ್ಕ್ಸ್ ಮಾತ್ರ ನಾನು ಬದಲಾಯಿಸಲ್ಲ ಅಂಕಲ್."

"ಬದಲಾಯಿಸಬೇಡಿ. ಸಿಗಲೂಬೇಡಿ. ಸೋಮವಾರ ಸಹಿ ಬೀಳೋ ತನಕ ಸಿಗದೇ ಇದ್ರೆ ಆಯ್ತು."

ಹತ್ತಕ್ಕೆ ಸರಿಯಾಗಿ ಪಿಕಪ್ ಟ್ರಕ್ಕೊಂದು ಬಂದು ನಿಂತಿತು. ಮಂಜೇಶ್ ಮಹಡಿಯ ಕರ್ಟನ್ನಿನ ಹಿಂದೆ ನಿಂತು ಬಗ್ಗಿ ನೋಡಿದ. ಬೆಲ್ ಆಯಿತು. ಮೈಸೂರಿನಿಂದ ಬಂದಿದ್ದ ಅತ್ತೆ ಅನುಸೂಯಮ್ಮ, ಅಳಿಯನ ಅಪ್ಪಣೆಯಂತೆ ಬಾಗಿಲು ತೆರೆದು "ನೋ ಹೋಂ" ಎಂದರು. ಕೋಚ್ ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿ ಹಿಂದಿರುಗಿದರು. ಆದರೆ ಹೋಗಲಿಲ್ಲ. ಮನೆಯೆದುರು ಕಾರು ಬರುವ ಡ್ರೈವ್‌ವೇನಲ್ಲಿ ಎಂಟು ಇಂಚು ಹಿಮ ಬಿದ್ದಿತ್ತು. ಅವರು ಟ್ರಕ್ಕಿನಿಂದ ಮೊರದಗಲದ ಸಲಿಕೆಯೊಂದನ್ನು ಇಳಿಸಿ, ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ, ಚಪಾತಿಯ ಮೇಲಿನ ಹಿಟ್ಟು ಕೊಡವಿದಷ್ಟು ಸಲೀಸಾಗಿ ಅದನ್ನೆಲ್ಲ ಪಕ್ಕಕ್ಕೆ ಹಾಕಿದರು. ಅದು ಮುಗಿದ ಮೇಲೆ ಪಕ್ಕದ ಮನೆಯ ಕಡೆ ತಿರುಗಿದರು.

ಮಂಜೇಶನ ಫೋನ್ ನಡುಗಿತು. ವೆಂಕಟರಾಮು ತಮ್ಮ ಕಿಟಕಿಯಿಂದ ಪಿಸುಗುಟ್ಟುತ್ತಿದ್ದರು. "ಇದು ಪ್ರೆಶರ್ ಕಣ್ರೀ. ನನ್ನ ಡ್ರೈವ್‌ವೇನೂ ಕ್ಲೀನ್ ಮಾಡ್ತಿದಾನೆ. ಸಾಕ್ಷಿಗೂ ಲಂಚ."

ಅಷ್ಟರಲ್ಲಿ ಅನುಸೂಯಮ್ಮನ ಮನಸ್ಸು ತಡೆಯಲಿಲ್ಲ. ಬಾಗಿಲು ತೆರೆದು "ಕಮ್. ಈಟ್" ಎಂದು ಕರೆದೇಬಿಟ್ಟರು. ಹತ್ತು ನಿಮಿಷದ ಮೇಲೆ ಮಹಡಿ ಹತ್ತಿ ಬಂದು, ಪಾಪ, ಒಳ್ಳೆ ಮನುಷ್ಯ, ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡ, ತಟ್ಟೆ ತಾನೇ ತೊಳೆದಿಟ್ಟ, ಒಂದು ಚೀಲ ಸೇಬೂ ತಂದಿದ್ದಾನೆ ಎಂದು ವರದಿ ಒಪ್ಪಿಸಿದರು.

ಹಣ್ಣು ಎಂದು ಕಿವಿಗೆ ಬಿದ್ದದ್ದೇ ಮಂಜೇಶನ ರಕ್ತದಲ್ಲಿದ್ದುದು ಎದ್ದಿತು. ಅಡುಗೆಮನೆಯಲ್ಲಿದ್ದ ಕೋಚ್ ಅವರ ಬೆನ್ನ ಹಿಂದೆ ಕಳ್ಳಹೆಜ್ಜೆಯಲ್ಲಿ ಬೇಸ್‌ಮೆಂಟಿಗೆ ಇಳಿದು, ಹಿಂದಿನ ಬಾಗಿಲಿನಿಂದ ಹೊರಬಿದ್ದು, ಕಣಕಾಲು ಮುಳುಗುವ ಹಿಮದಲ್ಲಿ ವೆಂಕಟರಾಮು ಅವರ ಗ್ಯಾರೇಜು ಸೇರಿದ. ಟ್ರಾಯ್‌ನ ದೇವಸ್ಥಾನಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿಗೆ ಬಂದು ಗ್ರೇಡ್ ಕೇಳುವವರು ಯಾರೂ ಇಲ್ಲ ಎಂದು ವೆಂಕಟರಾಮು ಭರವಸೆ ಕೊಟ್ಟರು. ಭರವಸೆ ಕೊಡುವ ಭರದಲ್ಲಿ ಹೈವೇಯಿಂದ ಇಳಿಯುವ ಎಕ್ಸಿಟ್ಟಿನ ತಿರುವನ್ನು ಜೋರಾಗಿ ತೆಗೆದುಕೊಂಡರು. ಕಾರು ಒಂದು ಸುತ್ತು ಗಿರಕಿ ಹೊಡೆದು ಹಿಮದ ದಿಬ್ಬಕ್ಕೆ ಮೂಗು ತೂರಿಸಿ ನಿಂತಿತು.

ಐದು ನಿಮಿಷದಲ್ಲಿ ಪೊಲೀಸು ಬಂತು, ಶೆರಿಫ್ ಡೆಪ್ಯುಟಿಯೊಬ್ಬ. ಬಾಗಿಲಿನಷ್ಟು ಅಗಲದ ಮನುಷ್ಯ. ಒಬ್ಬನೇ ಕಾರನ್ನು ತಳ್ಳಿ ರಸ್ತೆಗೆ ತಂದು, ಕೈ ಕೊಡವಿಕೊಳ್ಳುತ್ತ ಎಲ್ಲಿ ಕೆಲಸ ಎಂದು ಕೇಳಿದ. ಮಂಜೇಶ್ ಬಾಯಿ ತೆರೆಯುವ ಮೊದಲೇ ವೆಂಕಟರಾಮು ಹೆಮ್ಮೆಯಿಂದ ಕಾಲೇಜಿನ ಹೆಸರು ಹೇಳಿ, ನಿಮ್ಮ ಕೋಚ್ ಹುಡುಕುತ್ತಿರುವುದು ಇವರನ್ನೇ, ನಾವು ದೇವಸ್ಥಾನಕ್ಕೆ ಹೊರಟಿದ್ದೇವೆ ಎಂದೂ ಸೇರಿಸಿದರು. ಡೆಪ್ಯುಟಿಯ ಮುಖ ಅರಳಿತು. ಅಲ್ಲಿಯೇ ನಿಂತು ಕೋಚ್‌ಗೆ ಫೋನ್ ಮಾಡಿ ಸಿಹಿಸುದ್ದಿ ತಿಳಿಸಿದ.

"ಬಾಯಿ ತಪ್ಪಿ ಬಂತು ಕಣ್ರೀ," ಎಂದರು ವೆಂಕಟರಾಮು, ಮುಂದಿನ ಏಳು ಮೈಲಿ ರಸ್ತೆಯನ್ನೇ ನೋಡುತ್ತ.

ದೇವಸ್ಥಾನದ ಊಟದ ಹಾಲಿನಲ್ಲಿ ಬಿಸಿಬೇಳೆಬಾತಿನ ಸಾಲು ನಡೆಯುತ್ತಿತ್ತು. ಮಂಜೇಶ್ ತಟ್ಟೆ ಹಿಡಿದು ಸಾಲಿನ ನಡುವೆ ಸೇರಿಕೊಂಡ. ಎರಡು ಸೌಟು ಬೀಳುವಷ್ಟರಲ್ಲಿ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಕೋಚ್ ಡ್ಯೂಕ್ ಬರಿಯ ಸಾಕ್ಸಿನಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಶಾಲು ಹೊದ್ದ ಅನುಸೂಯಮ್ಮ. ಹೇಗೂ ಟ್ರಕ್ ಈ ಕಡೆಯೇ ಬರುತ್ತಿತ್ತು, ಶನಿವಾರದ ದರ್ಶನವೂ ಆಗುತ್ತದೆಂದು ಹತ್ತಿ ಕೂತಿದ್ದರು.

ಹಿಂದಿನ ಬಾಗಿಲಿಗೆ ಪಾತ್ರೆ ತೊಳೆಯುವವರು ಅಡ್ಡ ನಿಂತಿದ್ದರು. ಓಡಲು ಜಾಗವಿಲ್ಲದೆ ಹೋದಾಗ ಮಂಜೇಶನಿಗೆ ಧೈರ್ಯ ಬಂತು. ತಟ್ಟೆ ಹಿಡಿದುಕೊಂಡೇ ಇಂಗ್ಲಿಷಿನಲ್ಲಿ, ಇಡೀ ಹಾಲಿಗೆ ಕೇಳುವಂತೆ ಹೇಳಿಬಿಟ್ಟ.

"ಕೋಚ್, ಆ ಗ್ರೇಡ್ ನಾನು ಬದಲಾಯಿಸಲ್ಲ. ಅವನು ನಿಮ್ಮ ತಂಡದಲ್ಲಿ ಎಷ್ಟು ದೊಡ್ಡ ಆಟಗಾರ ಅನ್ನೋದು ನನಗೆ ಬೇಕಾಗಿಲ್ಲ. ಮೂರು ವಾರ ಏನೂ ಕಳಿಸಲಿಲ್ಲ. ನನ್ನ ಕೆಲಸ ಹೋದರೂ ಸರಿ, ಅದು ಎಫ್."

ಸೌಟು ಹಿಡಿದವರು ಬಡಿಸುವುದು ಬಿಟ್ಟು ತಿರುಗಿ ನೋಡಿದರು. ಯಾರೋ ಹಿಂದಿನಿಂದ ಶಭಾಷ್ ಎಂದರು.

ಕೋಚ್ ನಿಧಾನವಾಗಿ ತಲೆದೂಗಿದರು. "ಸರಿಯಾಗೇ ಮಾಡಿದೀರಿ, ಪ್ರೊಫೆಸರ್. ಅವನಿಗೆ ಅದೇ ಆಗಬೇಕಿತ್ತು. ಆ ಹಾರ್ಗ್ರೋವ್ ನಾನೇ."

ಎಲ್ವಿನ್ ಹಾರ್ಗ್ರೋವ್. ಆ ಹೆಸರನ್ನು ಅವರ ತಾಯಿ ಬಿಟ್ಟರೆ ಯಾರೂ ಬಳಸಿರಲಿಲ್ಲ. ಮೈದಾನದ ಬೋರ್ಡಿನಲ್ಲೂ ಕೋಚ್ ಡ್ಯೂಕ್ ಎಂದೇ ಇತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಅದೇ ಕಾಲೇಜಿಗೆ ಆಡಲು ಬಂದವರು. ಎರಡು ವರ್ಷ ಮುಗಿದ ಮೇಲೆ ಹೆಲ್ಮೆಟ್ ಒರೆಸುವ ಕೆಲಸ ಸಿಕ್ಕಿತು, ಅಲ್ಲಿಂದ ಒಂದೊಂದೇ ಮೆಟ್ಟಿಲು. ನೂರಾರು ಹುಡುಗರನ್ನು ಡಿಗ್ರಿಯ ಬಾಗಿಲಿಗೆ ತಂದು ಬಿಟ್ಟರು, ತಮ್ಮದನ್ನು ಮಾತ್ರ ಮುಂದಿನ ವರ್ಷ, ಮುಂದಿನ ವರ್ಷ ಎಂದು ಇಪ್ಪತ್ತಾರು ವರ್ಷ ಮುಂದೂಡಿದರು. ಈಗ ಹೊಸ ನಿಯಮ ಬಂದಿತ್ತು. ಆಗಸ್ಟಿನೊಳಗೆ ಡಿಗ್ರಿಯಿಲ್ಲದಿದ್ದರೆ ಕೋಚ್ ಕೆಲಸವಿಲ್ಲ. ಉಳಿದಿದ್ದುದು ಸ್ಟ್ಯಾಟಿಸ್ಟಿಕ್ಸ್ ಒಂದೇ.

ನವೆಂಬರಿನಲ್ಲಿ ಏನಾಯಿತು ಎಂದು ಮಂಜೇಶ್ ಕೇಳಿದ. ಮೂವರು ಹುಡುಗರನ್ನು ಕೂರಿಸಿಕೊಂಡು ಶಿಕಾಗೋ, ಅರೋರಾ ಸುತ್ತಿನ ಕಾಲೇಜುಗಳಿಗೆಲ್ಲ ತೋರಿಸಿ ಬರಲು ವ್ಯಾನ್ ಓಡಿಸುತ್ತಿದ್ದೆ ಎಂದರು ಕೋಚ್. ಮೂವರಿಗೂ ಸೀಟ್ ಸಿಕ್ಕಿತಂತೆ. ತಾನು ಬಂದಿದ್ದು ಗ್ರೇಡ್ ಕೇಳಲಿಕ್ಕಲ್ಲ, ಎರಡು ಈಮೇಲಿಗೆ ಉತ್ತರ ಕೊಡದೆ ಹೋದದ್ದಕ್ಕೆ ಎದುರಿಗೆ ನಿಂತು ಕ್ಷಮೆ ಕೇಳಲಿಕ್ಕೆ ಎಂದರು.

ಎರಡು ನಿಮಿಷದ ಹಿಂದೆ ಹರಿಶ್ಚಂದ್ರನಂತೆ ನಿಂತಿದ್ದ ಮಂಜೇಶ್ ಈಗ ತುಪ್ಪದಂತೆ ಕರಗಿದ. ಒಂದು ವಾರ ಟೈಮ್ ಕೊಡುತ್ತೇನೆ, ಬಾಕಿ ಉಳಿದ ಪ್ರಾಜೆಕ್ಟ್ ಕಳಿಸಿಬಿಡಿ, ಇವತ್ತೇ ಗ್ರೇಡ್ ತಿದ್ದುತ್ತೇನೆ ಎಂದ. "ಕೊಟ್ಟುಬಿಡಿ ಅಳಿಯಂದ್ರೇ, ಒಂದು ಅಕ್ಷರ ತಾನೆ," ಎಂದರು ಅನುಸೂಯಮ್ಮ. ರೌಂಡ್ ಆಫ್ ಮಾಡಿ ಎಂದರು ವೆಂಕಟರಾಮು. ಶಭಾಷ್ ಎಂದಿದ್ದವರು ಕನಿಷ್ಠ ಸಿ ಆದರೂ ಕೊಡಿ ಎಂದರು. ಬಿಸಿಬೇಳೆಬಾತಿನ ಸಾಲೆಲ್ಲ ಶಿಫಾರಸಿನ ಸಾಲಾಯಿತು.

ಒಪ್ಪದವರು ಕೋಚ್ ಒಬ್ಬರೇ.

"ತಡ ಮಾಡಿದ ಹುಡುಗನನ್ನ ನಾನು ಆಡಿಸಲ್ಲ, ಪ್ರೊಫೆಸರ್. ಒಬ್ಬನ್ನೂ ಆಡಿಸಿಲ್ಲ. ಈಗ ನನಗೋಸ್ಕರ ರೂಲ್ ಮುರಿದರೆ, ಸೋಮವಾರ ಹುಡುಗರ ಮುಖ ಹೇಗೆ ನೋಡ್ಲಿ?"

ಅವರ ಬೇಡಿಕೆ ಬೇರೆಯೇ ಇತ್ತು. ಜನವರಿಯಲ್ಲಿ ಅದೇ ಕೋರ್ಸನ್ನು ಮೊದಲಿನಿಂದ ಓದುತ್ತಾರಂತೆ, ಆನ್‌ಲೈನ್ ಬೇಡ, ಎದುರಿಗೆ ಕೂತು. ಗಣಿತಕ್ಕೆ ಹೆದರುವ ತಂಡದ ನಲವತ್ತೊಂದು ಹುಡುಗರೂ ಜೊತೆಗೆ ಕೂರುತ್ತಾರಂತೆ. ಮೇಷ್ಟ್ರು ಇವರೇ ಆಗಬೇಕೆಂದು ಬೆಳಿಗ್ಗೆಯೇ ಡೀನ್‌ಗೆ ಫೋನಿನಲ್ಲಿ ಹೇಳಿಯಾಗಿದೆ, ಸೋಮವಾರದ ತನಕ ಕಾಯದೆ ಕಾಂಟ್ರಾಕ್ಟಿಗೆ ಸಹಿಯೂ ಬಿದ್ದಿದೆ.

ಮಂಜೇಶ್ ಇಡೀ ಹಾಲಿನ ಮುಂದೆ ಆಗಲಿ ಎಂದುಬಿಟ್ಟ. ಕೆಲಸ ಉಳಿದಿತ್ತು, ಎಫ್ ಉಳಿದಿತ್ತು, ಮರ್ಯಾದೆಯೂ ಉಳಿದಿತ್ತು. ಎಲ್ಲ ಮುಗಿದ ಮೇಲೆ ಕ್ಲಾಸ್ ಎಷ್ಟು ಗಂಟೆಗೆ ಎಂದು ವಿಚಾರಿಸಿದ. ಆರಕ್ಕೆ ಎಂದರು ಕೋಚ್. ಸಂಜೆಯಾ ಎಂದು ಕೇಳಿದ್ದಕ್ಕೆ ಅವರು ಅಂದು ಮೊದಲ ಸಲ ನಕ್ಕರು. ಪ್ರಾಕ್ಟೀಸಿಗೆ ಮುಂಚೆ, ಬೆಳಿಗ್ಗೆ, ವಾರಕ್ಕೆ ಐದು ದಿನ. ತಡವಾಗಿ ಬಂದವರು ಮೈದಾನವನ್ನು ಎರಡು ಸುತ್ತು ಓಡಬೇಕು, ಅದು ಯಾರೇ ಆಗಲಿ.

ಜನವರಿಯ ಮೊದಲ ಕ್ಲಾಸಿನ ದಿನ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಹೈವೇಯಲ್ಲಿ ಮಂಜು ಗಟ್ಟಿಯಾಗಿ ಮಂಜೇಶ್ ತಲುಪಿದಾಗ ಆರು ಗಂಟೆ ನಾಲ್ಕು ನಿಮಿಷ. ಕ್ಲಾಸಿನ ಕಿಟಕಿಯಲ್ಲಿ ನಲವತ್ತೊಂದು ಹುಡುಗರು ಕೈ ಕಟ್ಟಿ ಸಾಲಾಗಿ ನಿಂತಿದ್ದರು. ಯಾರನ್ನೂ ಒಬ್ಬಂಟಿಯಾಗಿ ಓಡಲು ಬಿಟ್ಟವರಲ್ಲ ಕೋಚ್. ಶೂ ಲೇಸ್ ಬಿಗಿದು, ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು, ತಾವೂ ಪಕ್ಕದಲ್ಲೇ ಹೆಜ್ಜೆ ಹಾಕಿದರು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಮಂಜೇಶನ ಬಾಯಿಂದ ಕುಕ್ಕರಿನಂತೆ ಹಬೆ ಬರುತ್ತಿತ್ತು.

"ಪ್ರೊಫೆಸರ್," ಎಂದರು ಕೋಚ್, ಉಸಿರೂ ಕದಲದಂತೆ, "ಸ್ಟ್ಯಾಂಡರ್ಡ್ ಡೀವಿಯೇಶನ್ ಶುರು ಮಾಡಿ. ಇನ್ನೂ ಒಂದು ಸುತ್ತು ಟೈಮಿದೆ."