ಮೂವತ್ತೆರಡನೇ ಸಿಗಾರ್ ಮತ್ತು ನನ್ನ ಅಡಕೆ ಕತ್ತರಿ

ಅದೊಂದು ಮಾಮೂಲಿ ಶನಿವಾರ. ಸಂಜೆ ನಮ್ಮ ಮನೆಯವರು ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದಿಳಿದು, ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಒಂದು ಸಿಗಾರ್ ತೆಗೆದು ತೋರಿಸಿದರು. ಹೆಬ್ಬೆರಳಿನಷ್ಟು ದಪ್ಪ. ನಡುವಿಗೆ ಕೆಂಪು ಕಾಗದದ ಪಟ್ಟಿ.

"ಇದು ಸಾಮಾನ್ಯದ್ದಲ್ಲ ಗಿರಿಜಾ. ಮುಂದಿನ ಕೂಟದಲ್ಲಿ ಹಚ್ಚೋದು."

"ನೀವೂ ಸಾಮಾನ್ಯದವರಲ್ಲ. ಮೊದಲು ಸ್ನಾನ ಮಾಡಿ," ಎಂದೆ.

ಸ್ನಾನ ಮಾಡಿದರು. ಅವರೆಕಾಳಿನ ಹುಳಿ ಉಂಡರು. ಉಪ್ಪು ಕಡಿಮೆ ಎಂದರು. ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಮತ್ತೆ ಏಳಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಯಾರೋ ಮನೆಗೆ ತಂದುಕೊಟ್ಟರು. ಅದು ಒಡೆದಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಗೆಯ ಕತೆ ಬರೆಯಲು ಕೂತ ಇವಳೆಂಥ ಹೆಂಗಸು ಎಂದು ನೀವು ಕೇಳಬಹುದು. ಪೂರ್ತಿ ಓದಿ, ಆಮೇಲೆ ಬಯ್ಯಿರಿ.

ನಮ್ಮ ಮನೆಯವರು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಟ್ಟು ಬೋಲ್ಟು ಬಂದರೂ ರಿಜಿಸ್ಟರಿನಲ್ಲಿ ಬರೆಯಬೇಕು. ಸಿಗಾರಿನ ಹುಚ್ಚು ಹತ್ತಿದ ಮೇಲೆ ಅದಕ್ಕೂ ಒಂದು ಉದ್ದದ ನೋಟ್‌ಬುಕ್. ಶಿವಮೊಗ್ಗದ ಒಂದು ಹೋಟೆಲಿನ ತಾರಸಿಯಲ್ಲಿ ಮೂರು ತಿಂಗಳಿಗೊಮ್ಮೆ ಸಿಗಾರ್ ಪ್ರಿಯರ ಕೂಟ. ಹೊರಗಿನಿಂದ ಕಂಪನಿಯವರು ಬಂದು ಎಲೆ ತೋರಿಸಿ, ಸಿಗಾರ್ ಕೊಟ್ಟು, ಹೇಗಿದೆ ಎಂದು ಕೇಳುತ್ತಾರಂತೆ. ಇವರು ತಪ್ಪದೆ ಹೋಗುವರು. ನಾನು ಆ ನೋಟ್‌ಬುಕ್ ಮುಟ್ಟಿದವಳೇ ಅಲ್ಲ. ನಾತ!

ತಿಥಿ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ತೆರೆದೆ. ತೆರೆದವಳು ದಂಗಾದೆ. ಇಷ್ಟು ವರ್ಷದಲ್ಲಿ ಸೇದಿದ್ದು ಬರೀ ಮೂವತ್ತೊಂದು! ದಿನಾ ಮೂವತ್ತೊಂದು ಎನ್ನುವಂತೆ ನಾನು ಜಗಳ ಆಡಿದ್ದೆ. 'ಹೇಗಿತ್ತು' ಎಂಬ ಕೊನೆಯ ಕಾಲಮ್ಮಿನಲ್ಲಿ ಒಂದೊಂದಕ್ಕೂ ಒಂದು ಮಾತು.

"ಗಾಜನೂರಿನ ಹೊಳೆ ದಂಡೆಯಲ್ಲಿ ಒದ್ದೆ ಹುಲ್ಲಿಗೆ ಬೆಂಕಿ ಹಾಕಿದ ಹಾಗೆ."

"ಮೊದಲು ಬೆಲ್ಲದ ಪಾಕ. ಆಮೇಲೆ ಹುರಿಗಡಲೆ."

"ಗಿರಿಜಾಳ ಸೀದ ಒಗ್ಗರಣೆ. ಮತ್ತೊಮ್ಮೆ ಬೇಡ."

ಸತ್ತ ಗಂಡನ ಮೇಲೆ ಸಿಟ್ಟು ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ನೋಟ್‌ಬುಕ್ ಮುಚ್ಚಿದೆ. ಮತ್ತೆ ತೆರೆದೆ. ಮೂವತ್ತೆರಡನೇ ಸಾಲಿನಲ್ಲಿ 'ಕೆಂಪು ಪಟ್ಟಿಯದು, ಚಂದ್ರಪ್ಪ ಕೊಟ್ಟದ್ದು' ಎಂದಿತ್ತು. ಕೊನೆಯ ಕಾಲಂ ಖಾಲಿ. ಜೀವಮಾನದಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಟ್ಟವರಲ್ಲ ಅವರು. ಇದನ್ನು ತುಂಬಿಸುವುದು ಧರ್ಮಪತ್ನಿಯಾದ ನನ್ನ ಕರ್ತವ್ಯವೆಂದು ನಿರ್ಧರಿಸಿದೆ. ಅದೇನು ಮಹಾ ಕೆಲಸ? ಹಚ್ಚೋದು, ಎಳೆಯೋದು, ಬರೆಯೋದು!

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರುವ ನನ್ನ ಅಕ್ಕ ಸರೋಜಳಿಗೆ ಫೋನ್ ಮಾಡಿದೆ.

"ನಿಂಗೆ ತಲೆ ಕೆಟ್ಟಿದ್ಯೇನೆ ಮಾರಾಯ್ತಿ? ಆರು ತಿಂಗಳಾಗಿಲ್ಲ, ಸಿಗಾರ್ ಸೇದೋಕೆ ಹೋಗ್ತೀನಿ ಅಂತೀಯಲ್ಲ!"

"ಸೇದೋಕಲ್ಲ ಅಕ್ಕ, ಬರೆಯೋಕೆ."

"ನೋಡಿದವರು ಏನಂತಾರೆ?"

"ನೋಡೋರು ಯಾರು? ಸೇದೋರೇ ಇರ್ತಾರೆ ಅಲ್ಲಿ."

ಆಮೇಲೆ, "ಒಬ್ಬಳೇ ಹೋಗಬೇಡ. ನಾನೂ ಬರ್ತೀನಿ," ಎಂದಳು. ಮನೆಯಲ್ಲಿ ಭಜನೆಗೆ ಹೋಗುತ್ತೇನೆಂದು ಹೇಳಿದಳಂತೆ. ಹಾಗಾಗಿ ಹಣೆ ತುಂಬ ವಿಭೂತಿ ಧರಿಸಿಯೇ ಬಂದಳು.

ತಾರಸಿಯಲ್ಲಿ ಹತ್ತು ಹನ್ನೆರಡು ಗಂಡಸರು. ನಮ್ಮಿಬ್ಬರನ್ನು ಕಂಡದ್ದೇ ಒಬ್ಬರು ಸಿಗಾರನ್ನು ಬೆನ್ನ ಹಿಂದೆ ಅಡಗಿಸಿದರು. ಅವರ ಬೆನ್ನಿನಿಂದ ಹೊಗೆ ಏಳತೊಡಗಿತು!

ಕೂಟದ ಹಿರಿಯರಾದ ಚಂದ್ರಪ್ಪನವರು ಓಡಿ ಬಂದರು. ವಿಷಯ ಹೇಳಿದೆ. ಅವರ ಕಣ್ಣು ಒದ್ದೆಯಾಯಿತು. "ಬನ್ನಿ ಅಮ್ಮ, ಅವರ ಕುರ್ಚಿಲೇ ಕೂತ್ಕೊಳ್ಳಿ," ಎಂದರು. ಕೂತೆ. ನಾಲ್ಕು ಜನರ ಮೇಜು: ನಾನು, ಅಕ್ಕ, ಚಂದ್ರಪ್ಪ, ಕಂಪನಿಯಿಂದ ಬಂದಿದ್ದ ಕೋಟಿನ ಮನುಷ್ಯ. ಕೋಟಿನವರು ತಮ್ಮ ಸಿಗಾರಿನ ತುದಿಯಲ್ಲಿ ಉದ್ದಕ್ಕೆ ನಿಂತ ಬೂದಿಯನ್ನು ಹೆಮ್ಮೆಯಿಂದ ತೋರಿಸಿದರು. ಒಳ್ಳೆ ಎಲೆಯಾದರೆ ಬೂದಿ ಬೀಳುವುದಿಲ್ಲವಂತೆ. ಅಕ್ಕ ಬಗ್ಗಿ ನೋಡಿ, "ಎಷ್ಟು ಬೆಳ್ಳಗಿದೆ! ನಮ್ಮನೆ ವಿಭೂತಿನೂ ಇಷ್ಟು ಚೆನ್ನಾಗಿಲ್ಲ," ಎಂದಳು. ಬೂದಿ ಬಿತ್ತು.

ಈಗ ಬಂತು ನನ್ನ ಸರದಿ. ಕೆಂಪು ಪಟ್ಟಿಯದನ್ನು ಮೇಜಿನ ಮೇಲಿಟ್ಟೆ. ಚಂದ್ರಪ್ಪನವರು ಕೈ ಮುಗಿಯುವಂತೆ ನೋಡಿದರು. "ಇದು ಮೂರು ವರ್ಷ ನನ್ನ ಪೆಟ್ಟಿಗೆಲಿ ಮಲಗಿತ್ತಮ್ಮ. ಇಂಥದ್ದು ಇದೊಂದೇ ಉಳಿದಿತ್ತು. ಅವರಿಗೆ ಅಂತಲೇ ಕೊಟ್ಟೆ."

ನಾನು ಚೀಲದಿಂದ ಅಡಕೆ ಕತ್ತರಿ ತೆಗೆದೆ. ನಮ್ಮ ಅಮ್ಮ ಕೊಟ್ಟ ಹಿತ್ತಾಳೆಯದು. ನಮ್ಮ ಮನೆಯವರು ಸಿಗಾರ್ ಕತ್ತರಿಸಲು ಅದನ್ನೇ ಕದ್ದು ಒಯ್ಯುತ್ತಿದ್ದರು. ಮಹಡಿ ಮೇಲಿಂದ 'ಟಕ್' ಎಂಬ ಸದ್ದು ನನಗೆ ಕೇಳುತ್ತಿತ್ತು. ಆದರೆ ಸಿಗಾರಿನ ಯಾವ ಜಾಗಕ್ಕೆ ಕತ್ತರಿ ಹಾಕುತ್ತಾರೆಂದು ಒಂದು ದಿನವೂ ಮೇಲೆ ಹೋಗಿ ನೋಡಿದವಳಲ್ಲ.

ಎದುರಿಗೆ ಮೂರು ಜನ ಕೂತಿದ್ದಾರೆ. ಎಲೆ ಅಡಕೆ ತಟ್ಟೆ ಮುಂದಿಟ್ಟುಕೊಂಡು ಒಬ್ಬಳೇ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಮನೆತನದಲ್ಲಿ ಇಲ್ಲ. ನಾಲ್ಕು ಜನ, ನಾಲ್ಕು ಹೋಳು. ಟಕ್. ಟಕ್. ಟಕ್!

"ಅಯ್ಯಯ್ಯೋ ಅಮ್ಮಾ!"

ಚಂದ್ರಪ್ಪನವರ ಕೂಗಿಗೆ ಪಕ್ಕದ ಮೇಜಿನವರು ಎದ್ದು ನಿಂತರು. ಕೋಟಿನವರು ಎದೆ ಹಿಡಿದುಕೊಂಡರು. ನಾನು ಮಾತ್ರ ಸಕಲ ಮರ್ಯಾದೆಯೊಂದಿಗೆ ಹೋಳುಗಳನ್ನು ತಟ್ಟೆಯಲ್ಲಿಟ್ಟು, "ತಗೊಳ್ಳಿ, ಸಂಕೋಚ ಬೇಡ," ಎಂದೆ.

"ತುದೀಲಿ ಒಂಚೂರು ಕತ್ತರಿಸೋದಮ್ಮ," ಎಂದರು ಚಂದ್ರಪ್ಪನವರು, ಸಣ್ಣ ದನಿಯಲ್ಲಿ. "ಒಂಚೂರೇ."

ಹೋಳುಗಳು ಆಗಲೇ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತಿದ್ದವು. ಇದ್ದುದರಲ್ಲಿ ಗಟ್ಟಿಯಾದ ಒಂದನ್ನು ಅವರೇ ಬೆರಳಲ್ಲಿ ಬಿಗಿಯಾಗಿ ಹಿಡಿದು ಹಚ್ಚಿಕೊಟ್ಟರು. ಹೊಗೆ ನುಂಗಬಾರದು ಎಂದರು. ಅದನ್ನು ಹೇಳುವಷ್ಟರಲ್ಲಿ ನುಂಗಿದ್ದೆ! ತಾರಸಿ ತಿರುಗಿತು. ಹೋಟೆಲಿನವರು ಅಂದವಾಗಿ ಬೆಳೆಸಿದ್ದ ಗುಲಾಬಿ ಕುಂಡದೊಳಗೆ, ಹನ್ನೆರಡು ಗಂಡಸರ ಸಮ್ಮುಖದಲ್ಲಿ, ಮಧ್ಯಾಹ್ನದ ಊಟವನ್ನು ಸಮರ್ಪಿಸಿದೆ.

ಅಕ್ಕ ಬೆನ್ನು ನೀವುತ್ತ ಕೇಳಿದಳು, "ರುಚಿ ಏನಾದ್ರೂ ಗೊತ್ತಾಯ್ತಾ?"

"ಇಲ್ಲ ಕಣೆ."

"ಹಾಗಾದ್ರೆ ಬರಿ, ಗುಲಾಬಿ ಗಿಡದ ಹಾಗಿತ್ತು ಅಂತ."

ನಗು ಬಂತು. ಅವರು ಹೋದ ಮೇಲೆ ಮೊದಲ ಸಲ. ನಗುತ್ತ ನಗುತ್ತ ಅದು ಅಳುವಾಯಿತು. ಹನ್ನೆರಡು ಗಂಡಸರಿಗೂ ನೋಡಲು ತಮ್ಮ ತಮ್ಮ ಚಪ್ಪಲಿ ಬಿಟ್ಟು ಬೇರೇನೂ ಸಿಗಲಿಲ್ಲ.

ಹೊರಡುವಾಗ ಚಂದ್ರಪ್ಪನವರು ತಮ್ಮ ಪೆಟ್ಟಿಗೆಯಿಂದ ಬೇರೊಂದು ಸಿಗಾರ್ ಕೊಡಲು ಬಂದರು. ಬೇಡವೆಂದೆ. ಅದು ಮೂವತ್ತಮೂರನೆಯದು. ಅದಕ್ಕೆ ಹೊಸ ಸಾಲು ಬೇಕು.

ಈಗ ಅಡಕೆ ಕತ್ತರಿಯನ್ನು ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ನಾತ ಹೋಗಿಲ್ಲ. ಕತ್ತರಿ ಹಾಳಾಯಿತು ಎಂದು ಅವರ ಜೊತೆ ಎಷ್ಟು ವರ್ಷ ಜಗಳ ಆಡಿದ್ದೆ! ಪೂರ್ತಿ ಹಾಳು ಮಾಡಿದವಳು ನಾನೇ. ನೋಟ್‌ಬುಕ್ ದೇವರ ಗೂಡಿನ ಪಕ್ಕದಲ್ಲಿದೆ. ಪೆನ್ನು ಹಿಡಿದು ಎರಡು ಸಲ ಕೂತೆ. ಹುಳಿಗೆ ಉಪ್ಪು ಕಡಿಮೆ ಎಂದು ಹೇಳುವವರಿಲ್ಲ. ಮೂವತ್ತೆರಡನೇ ಸಾಲಿನ ಕೊನೆಯ ಕಾಲಂ ಖಾಲಿ ಇದೆ.