ಭಾವ ತಿದ್ದಿದ ಅರವತ್ತು

ನನ್ನ ಭಾವನ ಕೈಗೆ ಸರಿಯಾಗಿರುವ ವಸ್ತುವನ್ನು ಮಾತ್ರ ಕೊಡಬೇಡಿ. ತಿದ್ದಿಬಿಡುತ್ತಾರೆ! ಕೆಟ್ಟದ್ದನ್ನು ಕೊಡಿ, ಚಿಂತೆಯಿಲ್ಲ. ಅರಸೀಕೆರೆಯ ಅವರ ಅಂಗಡಿಗೆ ಹೋದ ರೇಡಿಯೊ ರಿಪೇರಿಯಾಗದೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಯಾರು ಏನೇ ಹೇಳಲಿ, ‘ಒಟ್ಟು ಎಷ್ಟು?’ ಎಂದು ಕೇಳಿ ತಾಳೆ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಒಮ್ಮೆ ಹಳೇಬೀಡಿನಲ್ಲಿ ಗೈಡ್ ಒಬ್ಬ ಗುಡಿಯ ಬುಡದ ಆನೆಸಾಲನ್ನು ಮೈಮರೆತು ವರ್ಣಿಸುತ್ತಿದ್ದ.

“ಒಟ್ಟು ಎಷ್ಟು?”

ಗೈಡ್ ಒಂದು ಸಂಖ್ಯೆ ಹೇಳಿದ.

“ನೀವೇ ಎಣಿಸಿದ್ದೀರಾ?”

“ಸ್ವಾಮಿ, ನೀವೇ ಎಣಿಸ್ಕೊಂಡ್ ಬನ್ನಿ. ನಾನು ಟೀ ಕುಡೀತಿರ್ತೀನಿ.”

ಭಾವ ನಿಜಕ್ಕೂ ಹೊರಟರು! ಅವರು ಎಣಿಸಿ ಬರುವಷ್ಟರಲ್ಲಿ ಗೈಡ್ ಟೀ ಕುಡಿದ, ಊಟ ಮಾಡಿದ, ಒಂದು ನಿದ್ದೆಯನ್ನೂ ತೆಗೆದ. ನಮ್ಮ ಬಸ್ಸು ಬೇಲೂರು ಸೇರಿ ಆಗಿತ್ತು.

ಹಾರನಹಳ್ಳಿಯ ಮನೆಯಿಂದ ಅಕ್ಕ ಫೋನ್ ಮಾಡಿ ಸಾಮಾನು ಹೇಳಿದರೂ ಅದೇ ಪ್ರಶ್ನೆ.

“ತೊಗರಿಬೇಳೆ, ಹುಣಸೆಹಣ್ಣು, ಕೊತ್ತಂಬರಿ, ಕರಿಬೇವು.”

“ಒಟ್ಟು ಎಷ್ಟು?”

“ಮೂರು ಕಣ್ರೀ.”

ಕೊತ್ತಂಬರಿ, ಕರಿಬೇವು ಸೇರಿ ಒಂದೇ ಕಟ್ಟು. ಅಕ್ಕನ ಲೆಕ್ಕದಲ್ಲಿ ಅದು ಒಂದು. ಭಾವನ ಲೆಕ್ಕದಲ್ಲಿ ಎರಡು. ತಾಳೆಯಾಗಲಿಲ್ಲ! ಇನ್ನೊಮ್ಮೆ ಅವಳನ್ನೇ ಕೇಳಬಹುದಿತ್ತಲ್ಲವೇ? ಕೇಳಲಿಲ್ಲ, ತಿದ್ದಿದರು. ಬೇಳೆಯನ್ನು ಬಿಟ್ಟು ಬಂದರು.

“ಬೇಳೆ ಇಲ್ದೆ ಸಾರು ಹೆಂಗ್ರೀ ಮಾಡ್ಲಿ?”

“ನಿನ್ ಲೆಕ್ಕದಲ್ಲಿ ತಪ್ಪಿತ್ತು, ತಿದ್ದಿದೀನಿ.”

“ಹಂಗಾದ್ರೆ ಆ ತಿದ್ದಿದ್ದನ್ನೇ ಅನ್ನಕ್ಕೆ ಕಲಸ್ಕೊಂಡು ಉಣ್ಣಿ!”

ಅಂದು ಹೊಟ್ಟೆ ಹಿಡಿದು ನಕ್ಕಿದ್ದೆವು. ಈಗ ಆ ಮಾತು ನೆನೆದರೆ ನಗು ಬರುವುದಿಲ್ಲ.

ಮನೆಯ ಹಿಂದೆ ಕೊಬ್ಬರಿ ಒಣಗಿಸುವ ಶೆಡ್ಡು. ಕೆಳಗೆ ಕರೆಂಟಿನ ಡ್ರೈಯರ್, ಮೇಲೆ ತೆಂಗಿನಕಾಯಿ ತುಂಬಿದ ಅಟ್ಟ. ಶಾಖ ಅರವತ್ತು ಡಿಗ್ರಿ ದಾಟದಂತೆ ಕಾಯಲು ಭಾವ ಒಂದು ಪೆಟ್ಟಿಗೆ ಮಾಡಿದ್ದರು. ಕರೆಂಟ್ ಹೋಗಿ ಬಂದರೂ ಅರವತ್ತು ಮರೆಯದಿರಲೆಂದು ಅದರೊಳಗೊಂದು ಫ್ಲ್ಯಾಶ್ ಮೆಮೊರಿ ಚಿಪ್ಪು. ಆ ಚಿಪ್ಪಿಗೂ ಆಗಾಗ ನೆನಪು ತಪ್ಪುತ್ತದಂತೆ! ಅದಕ್ಕೇ ಅರವತ್ತರ ಪಕ್ಕದಲ್ಲಿ ತಾಳೆಗೆಂದು ಇನ್ನೊಂದು ಅಂಕಿ. ಓದುವಾಗ ತಾಳೆಯಾಗದಿದ್ದರೆ ಪೆಟ್ಟಿಗೆಯೇ ತಿದ್ದಿಕೊಳ್ಳುತ್ತದೆ. ಅಂದರೆ ಪೆಟ್ಟಿಗೆಯೊಳಗೆ ಇನ್ನೊಬ್ಬ ಭಾವ!

“ತಾಳೆಯಾಗ್ದಿದ್ರೆ ಸುಮ್ನೆ ನಿಂತ್ಕೊಳ್ಳಲಿ ಭಾವ, ತಿದ್ದೋದ್ಯಾಕೆ?” ಎಂದೆ.

“ನಿಂತ್ರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತೆ ಕಣೋ. ನಿನಗೇನ್ ಗೊತ್ತು!”

ಆಮೇಲೊಂದು ದಿನ ಅವರು ತಾಳೆಯ ಕ್ರಮವನ್ನು ಇನ್ನಷ್ಟು ಗಟ್ಟಿ ಮಾಡಹೊರಟರು. ಚಿಪ್ಪಿಗೆ ಬರೆಯುವ ಪ್ರೋಗ್ರಾಮಿನಲ್ಲಿ ಹೊಸ ಕ್ರಮ ಹಾಕಿದರು. ಚಿಪ್ಪನ್ನು ಓದುವ ಪ್ರೋಗ್ರಾಮಿನಲ್ಲಿ ಹಳೆಯದೇ ಉಳಿಯಿತು. ಅಕ್ಕನ ಸಾಮಾನಿನ ಹಾಗೇ, ಬರೆದವನ ಲೆಕ್ಕ ಮೂರು, ಓದುವವನ ಲೆಕ್ಕ ನಾಲ್ಕು! ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಪೆಟ್ಟಿಗೆ ಅರವತ್ತನ್ನು ಸರಿಯಾಗಿಯೇ ಓದಿತು. ತಪ್ಪೆಂದುಕೊಂಡಿತು. ನೂರ ಎಂಬತ್ತೆಂಟು ಎಂದು ತಿದ್ದಿತು.

ಅಕ್ಕ ಅಟ್ಟದ ಮೇಲೆ ಕಾಯಿ ಹೊರಳಿಸುತ್ತಿದ್ದಳು. ನಾನು ಬಾಗಿಲಲ್ಲಿದ್ದೆ. ಮೊದಲು ಬಂದದ್ದು ಒಗ್ಗರಣೆಯಂಥ ಘಮ. “ಏನಕ್ಕಾ, ಇಷ್ಟು ಘಮಘಮ!” ಎಂದು ಕೂಗಿದೆ ಕೂಡ. ಆಮೇಲೆ ಹೊಗೆ. ಆಮೇಲೆ, ಏಣಿಯ ಬುಡದಲ್ಲೇ ಬೆಂಕಿ. ಪೆಟ್ಟಿಗೆಯ ಹಸಿರು ದೀಪ ಮಾತ್ರ ನೆಮ್ಮದಿಯಾಗಿ ಉರಿಯುತ್ತಿತ್ತು. ಪಕ್ಕದ ಪುಟ್ಟ ಪರದೆಯಲ್ಲಿ ಸಂದೇಶ: ತಪ್ಪನ್ನು ತಿದ್ದಲಾಗಿದೆ.

ಮನೆಯೊಳಗಿದ್ದ ಭಾವ ಓಡಿಬಂದು ಮೇನ್ ಸ್ವಿಚ್ ಎಳೆದರು, ಒದ್ದೆ ಗೋಣಿ ಹೊದ್ದು ಆ ಏಣಿಯನ್ನೇ ಹತ್ತಿದರು. ಅಕ್ಕನನ್ನು ಇಳಿಸಿಕೊಂಡು ಬಂದರು. ಅವಳ ಜೀವ ಉಳಿಯಿತು. ಆದರೆ ಅವಳ ಎರಡೂ ಕೈ ಸುಟ್ಟವು. ಇಂದಿಗೂ ಯಾರ ಮನೆಯಲ್ಲಾದರೂ ಒಗ್ಗರಣೆ ಸಿಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಅಂದಿನಿಂದ ಭಾವ ಯಾವುದನ್ನೂ ತಿದ್ದುವುದಿಲ್ಲ. ಹಳೇಬೀಡಿನ ಕೆರೆ ಬೇಲೂರಲ್ಲಿದೆ ಎಂದು ಬೇಕೆಂದೇ ಹೇಳಿ ನೋಡಿದೆ. “ಇರಬೋದು ಬಿಡಪ್ಪ” ಎಂದರು. ಅವರ ಬಾಯಲ್ಲಿ ಅಂಥ ಮಾತು ಕೇಳುವ ಗತಿ ಬರಬೇಕೇ!

ಮೊನ್ನೆ ಅಕ್ಕ ಅಂಗಡಿಗೆ ಫೋನ್ ಮಾಡಿದಳು. ಅವಳ ಬೆರಳುಗಳಿಗೆ ಇನ್ನೂ ಹಿಡಿತವಿಲ್ಲ; ಫೋನನ್ನು ನಾನೇ ಅವಳ ಕಿವಿಗೆ ಹಿಡಿದಿದ್ದೆ.

“ತೊಗರಿಬೇಳೆ, ಹುಣಸೆಹಣ್ಣು, ಕೊತ್ತಂಬರಿ, ಕರಿಬೇವು.”

“ಹೂಂ.”

ಅಷ್ಟೇ. ಅಕ್ಕ ಕಾದಳು.

“ಕೇಳ್ರೀ.”

“ಏನು?”

“ಒಟ್ಟು ಎಷ್ಟು ಅಂತ ಕೇಳ್ರೀ.”

ಆ ಕಡೆ ಹಾಡುತ್ತಿದ್ದ ರೇಡಿಯೊ ನಿಂತಿತು. ಫೋನ್ ಇಟ್ಟೇಬಿಟ್ಟರೇನೋ ಎಂದುಕೊಂಡೆ. ಆಮೇಲೆ ಬಹಳ ಮೆಲ್ಲಗೆ ಕೇಳಿಸಿತು:

“ಕೊತ್ತಂಬರಿ, ಕರಿಬೇವು... ನಿನ್ ಲೆಕ್ಕದಲ್ಲಿ ಒಂದಾ, ಎರಡಾ?”

“ಒಂದೇ ಕಣ್ರೀ,” ಎಂದಳು ಅಕ್ಕ, “ಬೇಳೆ ಮಾತ್ರ ಬಿಟ್ಟು ಬರ್ಬೇಡಿ!”