ಟಕಟಕ ಗಾಡಿ ಮತ್ತು ಕಡಕ್ ರೊಟ್ಟಿ

ನನ್ನ ತಂಗಿಯ ಗಂಡ ಒಂದೇ ಜಾಗದಲ್ಲಿ ಹತ್ತು ನಿಮಿಷ ಕುಳಿತಿದ್ದನ್ನು ನೋಡಿದೆವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ನೋಡಿದ್ದು ಬೇರೆ ಯಾರನ್ನೋ ಇರಬೇಕು. ಮದುವೆಯ ಫೋಟೋಗಳನ್ನೇ ತೆಗೆದು ನೋಡಿ: ತಂಗಿ ಸ್ಪಷ್ಟ, ಪುರೋಹಿತರು ಸ್ಪಷ್ಟ, ಹಿಂದೆ ನಿಂತ ನಾನು ಸೀರೆಯ ನೆರಿಗೆ ಸಹಿತ ಸ್ಪಷ್ಟ, ಮದುಮಗ ಮಾತ್ರ ಎಲ್ಲದರಲ್ಲೂ ಸ್ವಲ್ಪ ಮಸುಕು. ಫೋಟೋಗ್ರಾಫರ್ ತನ್ನ ಕ್ಯಾಮೆರಾ ಕೆಟ್ಟಿದೆಯೆಂದು ತಿಳಿದು ಅದನ್ನು ರಿಪೇರಿಗೆ ಕೊಟ್ಟನಂತೆ. ಪಾಪ!

ತಂಗಿಯ ಗಂಡ ಯಾವುದನ್ನೂ ಕೊನೆಯವರೆಗೆ ನೋಡಿದವರೂ ಅಲ್ಲ. ಸಿನಿಮಾದಲ್ಲಿ ಕಳ್ಳ ಸಿಗುವ ಮೊದಲೇ ಎದ್ದು ಬರುತ್ತಾರೆ. ಊಟದಲ್ಲಿ ಮಜ್ಜಿಗೆ ಬರುವ ಹೊತ್ತಿಗೆ ಅವರ ಎಲೆ ಮಡಚಿರುತ್ತದೆ. ನಾಂಪಲ್ಲಿಯಲ್ಲಿ ಇಳಿಯಬೇಕಾದರೆ ಸಿಕಂದರಾಬಾದಿನಿಂದಲೇ ರೈಲಿನ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ನಾನೋ, ಸರ್ಕಾರಿ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಚಾದರದ ಮೂಲೆ ಸರಿಯಾಗಿ ಮಡಚಿರದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಇಂಥ ಇಬ್ಬರು ಸಿಕಂದರಾಬಾದಿನ ಮಗ್ಗುಲಿನ ಮಲ್ಕಾಜ್‌ಗಿರಿಯ ಒಂದೇ ಕಾಂಪೌಂಡಿನಲ್ಲಿ ವಾಸ, ಅವರು ಕೆಳಗೆ, ನಾನು ಮೇಲೆ. ನನ್ನ ರಕ್ತದೊತ್ತಡಕ್ಕೆ ಕಾರಣವೇನೆಂದು ಡಾಕ್ಟರು ಇನ್ನೂ ಹುಡುಕುತ್ತಿದ್ದಾರೆ. ಅವರು ಒಮ್ಮೆ ಮನೆಗೆ ಬಂದು ನೋಡಬಾರದೆ?

ಈ ಮಹಾಶಯರು ಕಚೇರಿಯಿಂದ ನಿವೃತ್ತರಾದ ಮೇಲೆ ಮನೆಯ ಒಂದೊಂದೇ ವಸ್ತು ಬಿಚ್ಚಿಕೊಳ್ಳತೊಡಗಿತು. ಮೊದಲು ಫ್ಯಾನು, ಆಮೇಲೆ ಮಿಕ್ಸರು, ಆಮೇಲೆ ನನ್ನ ಗೋಡೆ ಗಡಿಯಾರ. ಅದೇ ಹೊತ್ತಿಗೆ ತಂಗಿ ಜೋಳದ ಕಡಕ್ ರೊಟ್ಟಿ ಮಾಡಿ ಮಾರಲು ಶುರು ಮಾಡಿದ್ದಳು. ನಮ್ಮ ಕಡೆಯ ಮಂದಿ ಈ ಊರಿಗೆ ಬಂದು ಎಷ್ಟು ತಲೆಮಾರಾದರೂ ನಾಲಿಗೆ ಮಾತ್ರ ಕಲಬುರಗಿಯಲ್ಲೇ ಉಳಿದಿರುತ್ತದೆ. ಗಿರಾಕಿಗಳು ಬೆಳೆದರು. ರೊಟ್ಟಿಯನ್ನು ಅಂಗಡಿಗಳಿಗೆ ಮುಟ್ಟಿಸುವುದಕ್ಕೆಂದು ಮಹಾಶಯರು ಒಂದು ಹಳೆಯ ಪಿಕಪ್ ಗಾಡಿಯನ್ನೇ ಕೊಂಡು ತಂದರು. ಸ್ಕೂಟರಿನಲ್ಲಿ ಹೋಗಬಹುದಾದ ರೊಟ್ಟಿಗೆ ಪಿಕಪ್!

"ಒಂದು ಆನಿ ತರಬೇಕಿತ್ತಲ್ರಿ" ಎಂದೆ.

"ಆನಿಗೆ ಸ್ಪೇರ್ ಪಾರ್ಟ್ ಸಿಗಾಂಗಿಲ್ರಿ ಅಕ್ಕಾರ" ಎಂದರು.

ಆದರೂ ಒಂದು ಮಾತು ಒಪ್ಪಬೇಕು. ಗಾಡಿ ಬಂದ ಮೇಲೆ ಮನೆಯ ಉಳಿದ ವಸ್ತುಗಳು ಬದುಕಿದವು. ದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ರೊಟ್ಟಿಯ ಪೆಟ್ಟಿಗೆಗಳನ್ನು ಹೇರಿಕೊಂಡು ಅವರು ಸಿಕಂದರಾಬಾದಿಗೆ ಹೊರಡುತ್ತಿದ್ದರು. ಅಲ್ಲಿಯ ಅಂಗಡಿಯವರು ಅವರ ದಾರಿ ನೋಡುತ್ತಿದ್ದರು. ನಿವೃತ್ತಿಯಾದ ಗಂಡಸಿನ ದಾರಿ ನೋಡುವವರು ಲೋಕದಲ್ಲಿ ಎಷ್ಟು ಮಂದಿ ಇರುತ್ತಾರೆ, ಹೇಳಿ.

ಕಳೆದ ದೀಪಾವಳಿ ಮುಗಿಯುತ್ತಿದ್ದಂತೆ ಗಾಡಿಯ ಮುಂಭಾಗದಿಂದ ಸದ್ದು ಹುಟ್ಟಿತು. ಸ್ಪೀಡ್ ಬ್ರೇಕರ್ ಹತ್ತಿದರೆ ಟಕ್, ಇಳಿದರೆ ಟಕಟಕ. ಹಳ್ಳ ಸಿಕ್ಕರೆ, ಯಾರೋ ಕೆಳಗೆ ಕುಳಿತು ಬಡಿಗೆಯಿಂದ ಬಾಗಿಲು ತಟ್ಟಿದಂತೆ. ಸದ್ದಿನ ಜತೆಗೆ ಕುಲುಕಾಟ. ಕುಲುಕಾಟದ ಜತೆಗೆ ಹಿಂದೆ ಪೆಟ್ಟಿಗೆಯಲ್ಲಿ ರೊಟ್ಟಿ ಚೂರು. ಮುರಿದ ಕಡಕ್ ರೊಟ್ಟಿಯನ್ನು ಯಾವ ಗಿರಾಕಿಯೂ ಕೊಳ್ಳುವುದಿಲ್ಲ, ಎಲ್ಲ ಮನೆಗೆ ವಾಪಸ್. ಬೆಳಿಗ್ಗೆ ರೊಟ್ಟಿ ಚೂರಿಗೆ ಒಗ್ಗರಣೆ, ಮಧ್ಯಾಹ್ನ ರೊಟ್ಟಿ ಚೂರಿಗೆ ಮೊಸರು, ರಾತ್ರಿ ರೊಟ್ಟಿ ಚೂರಿಗೆ ನನ್ನ ಶಾಪ.

ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್‌ನಲ್ಲಿ ತಂಗಿಗೆ ಮೊದಲ ಸಲ ಒಂದು ಮಳಿಗೆ ಸಿಕ್ಕಿತ್ತು. ಇಡೀ ಊರು ಬಂದು ಹೋಗುವ ಜಾತ್ರೆಯಲ್ಲಿ ಚೂರು ರೊಟ್ಟಿ ಮಾರಲಾದೀತೆ? ಒಂದು ದಿನ ಗಂಡನ ತಟ್ಟೆಗೆ ಬಡಿಸುತ್ತ ಅವಳು ತಣ್ಣಗೆ ಹೇಳಿದಳು:

"ನುಮಾಯಿಷ್ ಶುರು ಆಗೂದರೊಳಗ ಆ ಟಕಟಕ ನಿಲ್ಲಬೇಕ್ರಿ. ಇಲ್ಲಂದ್ರ ನಾ ಬಾಡಿಗಿ ಗಾಡಿ ಹೇಳ್ತೀನಿ. ನೀವು ಮನ್ಯಾಗ ಆರಾಮ ಕೂಡ್ರಿ."

ಬೇರೆ ಗಂಡನಾಗಿದ್ದರೆ ಇದು ವರ. ಇವರಿಗೆ ಗಲ್ಲು ಶಿಕ್ಷೆ.

ಗ್ಯಾರೇಜಿಗೆ ಒಯ್ಯಬಾರದೆ ಎಂದು ನೀವು ಕೇಳುತ್ತೀರಿ. ಒಯ್ದಿದ್ದರು. ಮೆಕ್ಯಾನಿಕ್ ಗಾಡಿಯ ಕೆಳಗೆ ಹೋದರೆ ಇವರೂ ಹೋದರು. ಅವನು ಎಡಕ್ಕೆ ಹೊರಳಿದರೆ ಇವರೂ ಎಡಕ್ಕೆ. ಸ್ಪ್ಯಾನರ್ ಬೇಕೆಂದು ಅವನು ಕೈ ಚಾಚಿದರೆ ಇವರು ಟಾರ್ಚ್ ಕೊಟ್ಟರು. ಕೊನೆಗೆ ಅವನು ಹೊರಗೆ ಬಂದು ಕೈ ಜೋಡಿಸಿ, "ಸಾರ್, ಬಂಡಿ ಇಕ್ಕಡ ಉಂಚಂಡಿ, ಮೀರು ಇಂಟಿಕಿ ವೆಳ್ಳಂಡಿ" ಎಂದ. ಗಾಡಿ ಬಿಟ್ಟು ಮನೆಗೆ ಹೋಗಿ ಎಂದರೆ ಇವರ ಕಿವಿಗೆ ಅದು ಮಗುವನ್ನು ಬಿಟ್ಟು ಹೋಗಿ ಎಂದ ಹಾಗೆ. ಗಾಡಿಯ ಜತೆಗೇ ವಾಪಸ್ ಬಂದರು.

"ನಾನ ಮಾಡ್ತೀನಿ. ಅದರಾಗೇನೈತಿ" ಎಂದರು. ನನ್ನ ಗಡಿಯಾರ ಬಿಚ್ಚುವಾಗ ಅಂದದ್ದೂ ಇದೇ ಮಾತು.

ಮೊದಲು ಸದ್ದು ಎಲ್ಲಿಂದ ಬರುತ್ತದೆಂದು ಹುಡುಕಬೇಕು. ಒಂದು ಮುಂಜಾನೆ, ನಾನು ಚಹ ಕುಡಿಯುವ ಹೊತ್ತಿಗೆ ಸರಿಯಾಗಿ, ಮೇಲೆ ಬಂದರು.

"ಅಕ್ಕಾರ, ನಿಮ್ಮ ಸ್ಟೆತಸ್ಕೋಪ್ ಕೊಡ್ರಿ."

"ಯಾರಿಗೇನಾತು?"

"ಗಾಡಿಗ್ರಿ."

ಕೊಡುವುದಿಲ್ಲವೆಂದೆ. ಕೊಡದಿದ್ದರೆ ನೀವೇ ಬಂದು ನೋಡಿರಿ ಎಂದರು. ಜೀವಮಾನವಿಡೀ ರೋಗಿಯನ್ನು ವಾಪಸ್ ಕಳಿಸದವಳು ನಾನು, ಇಳಿದೆ. ಅವರು ಬಾನೆಟ್ಟಿನ ಮೇಲೆ ಭಾರ ಬಿಟ್ಟು ಗಾಡಿಯನ್ನು ಮೇಲೆ ಕೆಳಗೆ ಕುಲುಕುವುದು, ನಾನು ಸ್ಟೂಲಿನ ಮೇಲೆ ಕುಳಿತು ಚಕ್ರದ ಸಂದಿಯಲ್ಲಿ ನಳಿಗೆಯ ಬಿಲ್ಲೆ ಒತ್ತಿ ಆಲಿಸುವುದು. ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರು ಗೋಡೆಯ ಮೇಲಿಂದ ಇಣುಕಿದರು.

"ಏನ ಕೇಳಾಕತ್ತೈತ್ರಿ ಅಕ್ಕಾರ?" ಎಂದು ಇವರು.

"ನಿಮ್ಮ ಮಾತು ಕೇಳಾಕತ್ತೈತಿ. ಬಾಯಿ ಮುಚ್ಚಿ ಕುಲುಕ್ರಿ."

"ಬಿಪಿ ಎಷ್ಟೈತ್ರಿ ಮೇಡಂ?" ಎಂದು ಗಾರ್ಡ್ ಸಾಹೇಬರು.

"ಗಾಡೀದು ಸರಿ ಐತ್ರಿ. ನಂದು ಕೇಳಬ್ಯಾಡ್ರಿ."

ಎಡ ಚಕ್ರದ ಕಡೆ ಸದ್ದು ಸ್ಪಷ್ಟವಾಗಿತ್ತು. ಚಕ್ರವನ್ನು ಹಿಡಿದುಕೊಂಡ ಕಬ್ಬಿಣದ ತೋಳೊಂದು ಇರುತ್ತದೆ. ಆ ತೋಳು ಗಾಡಿಯ ಮೈಗೆ ಕೂಡುವಲ್ಲಿ, ನಮ್ಮ ಮೊಣಕಾಲಿನೊಳಗಿನ ಮೆತ್ತೆಯಂತೆ, ರಬ್ಬರಿನ ಬುಷ್ ಇರುತ್ತದೆ. ಅದು ಸವೆದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ನಮ್ಮ ವಾರ್ಡಿನ ಭಾಷೆಯಲ್ಲಿ ಸಂಧಿವಾತ. ರೋಗ ಗೊತ್ತಾಯಿತಲ್ಲ, ಇನ್ನು ಆಪರೇಷನ್.

ಆಪರೇಷನ್ ಥಿಯೇಟರ್ ನಮ್ಮ ಅಂಗಳ. ಗಾಡಿಯ ಮೂತಿ ಜಾಕಿನ ಮೇಲೆ ಏರಿತು. ಎಡ ಚಕ್ರ ತುಳಸಿಕಟ್ಟೆಗೆ ಒರಗಿತು. ಕಳಚಿದ ಬೋಲ್ಟುಗಳು ಎಲ್ಲಿ ಹೋದವೆಂದು ಹುಡುಕುವುದು, ಸಿಕ್ಕ ಮೇಲೆ ಕೈಯಲ್ಲಿದ್ದ ಸ್ಪ್ಯಾನರ್ ಎಲ್ಲಿ ಹೋಯಿತೆಂದು ಹುಡುಕುವುದು. ನನಗೆ ತಡೆಯಲಾಗಲಿಲ್ಲ. ಒಂದು ಬಿಳಿ ಬಟ್ಟೆ ಹಾಸಿ, ಸಾಮಾನುಗಳನ್ನೆಲ್ಲ ಸಾಲಾಗಿ ಜೋಡಿಸಿ, ಕೇಳಿದ್ದನ್ನು ಕೈಗೆ ಕೊಡುತ್ತ ನಿಂತೆ. ಸವೆದ ಬುಷ್ ಕಬ್ಬಿಣದ ಬಳೆಯಿಂದ ಹೊರಗೆ ಬರಲೊಲ್ಲದು. ಬಡಿದರು, ಎಳೆದರು, ಬೈದರು. ಬಿಸಿನೀರು ಹೊಯ್ದರೆ ಸಡಿಲಾಗುತ್ತದೆಂದು ಯಾರು ಹೇಳಿದ್ದರೋ ಏನೋ, ಅಡಿಗೆಮನೆಗೆ ನುಗ್ಗಿ ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯನ್ನೇ ಎತ್ತಿಕೊಂಡು ಬಂದರು. ಹಿಂದೆಯೇ ಹಿಟ್ಟಿನ ಕೈಯಲ್ಲಿ ತಂಗಿ.

"ಅದು ರೊಟ್ಟಿ ನಾದಾಕ ಇಟ್ಟ ಎಸರ್ರಿ."

"ಎಲ್ಲಾ ರೊಟ್ಟಿ ಸಂಬಂಧನ ಅಲ್ಲೇನ? ಅದಕ್ಕ ಹಾಕಿದ್ರೇನು, ಇದಕ್ಕ ಹಾಕಿದ್ರೇನು?"

ಬುಷ್ ಹೊರಗೆ ಬಂತು. ಅಂದಿನ ರೊಟ್ಟಿ ತಡವಾಯಿತು.

ಹೊಸ ಬುಷ್ ತಂದರು, ಕೂಡಿಸಿದರು. ಎಲ್ಲ ಫೋನಿನಲ್ಲಿ ವಿಡಿಯೊ ನೋಡಿ ಕಲಿತದ್ದು. ಚಕ್ರ ಇನ್ನೂ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದು, ಜಾಕ್ ಇಳಿಸಿ, ಕೈ ತೊಳೆಯದೆಯೇ ಗಲ್ಲಿ ಸುತ್ತಿ ಬಂದರು. ಸದ್ದಿಲ್ಲ! ಬೀದಿಯ ತುದಿಯವರೆಗೆ ಹೋಗಿ ಎಲ್ಲರಿಗೂ ಹೇಳಿ ಬಂದರು. ವಾರ ಕಳೆಯುವಷ್ಟರಲ್ಲಿ ಟಕಟಕ ಮತ್ತೆ ಹಾಜರು. ಹೊಸ ರಬ್ಬರ್ ಹರಿದಿತ್ತು.

ಆ ದಿನ ತಂಗಿ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು, ರೊಟ್ಟಿ ಬಡಿಯುತ್ತ ಅದೇ ವಿಡಿಯೊ ನೋಡಿದಳು. ಆಮೇಲೆ ಗಂಡನನ್ನು ಕರೆದಳು.

"ಇದನ್ನ ಕಡೀತನಕ ನೋಡೀರೇನ್ರಿ?"

"ಕಡೀಗೆ ಏನಿರ್ತೈತಿ, ನಮಸ್ಕಾರ ಹೇಳ್ತಾನ."

"ನಮಸ್ಕಾರಕ್ಕಿಂತ ಮೊದಲು ಒಂದು ಮಾತು ಹೇಳ್ಯಾನ. ಚಕ್ರ ನೆಲಕ್ಕ ಇಳಿಸಿ, ಗಾಡಿ ಭಾರ ಅದರ ಮ್ಯಾಲ ಬಿಟ್ಟು, ಆಮ್ಯಾಲ ಬಿಗೀರಿ ಅಂತಾನ. ಗಾಳ್ಯಾಗ ಬಿಗದ್ರ ರಬ್ಬರ್ ತಿರುಚಿ ಹರೀತೈತಂತ."

ಮಹಾಶಯರು ತಲೆ ಕೆರೆದುಕೊಂಡರು. ಗ್ರೀಸು ಕೂದಲಿಗೆ ಹತ್ತಿತು. ಮತ್ತೆ ಹೊಸ ಬುಷ್, ಮತ್ತೆ ಅಂಗಳ, ಮತ್ತೆ ನನ್ನ ಬಿಳಿ ಬಟ್ಟೆ, ಅದು ಈಗ ಬಿಳಿಯೆಂದು ಹೇಳುವ ಸ್ಥಿತಿಯಲ್ಲಿರಲಿಲ್ಲ. ಈ ಸಲ ಚಕ್ರ ನೆಲಕ್ಕೆ ಇಳಿಯಿತು. ಆದರೆ ಭಾರವೆಂದರೆ ಖಾಲಿ ಗಾಡಿಯ ಭಾರವೋ, ರೊಟ್ಟಿ ತುಂಬಿದ ಗಾಡಿಯ ಭಾರವೋ? ಖಾಲಿ ಗಾಡಿಯದೇ ಸಾಕಿತ್ತೆಂದು ಆಮೇಲೆ ತಿಳಿಯಿತು. ಇವರು ಅಷ್ಟಕ್ಕೆ ಬಿಡುವವರೆ? ಅಂದು ಮನೆಯಲ್ಲಿ ಭಜನಾ ಮಂಡಳಿಯ ಹೆಂಗಸರು ಸೇರಿದ್ದರು. ಎಲ್ಲರನ್ನೂ ಕರೆದು ಗಾಡಿಯ ಹಿಂದೆ ಹತ್ತಿಸಿದರು. ಮೇಲೆ ಇಷ್ಟು ಮಂದಿ, ಕೆಳಗೆ ಒಬ್ಬರು! ನಾನು ಎಲ್ಲ ಚಕ್ರಗಳಿಗೂ ಕಲ್ಲು ಕೊಡದೆ ಅವರನ್ನು ಕೆಳಗೆ ಹೋಗಗೊಡಲಿಲ್ಲ.

"ನಮ್ಮನ್ನ ರೊಟ್ಟಿ ಲೆಕ್ಕಕ್ಕ ಹಿಡದೀರೇನ್ರಿ ಕಾಕಾ?" ಎಂದಳು ಒಬ್ಬಳು.

"ಹೂನ್ರಿ. ಅಲ್ಲಾಡಬ್ಯಾಡ್ರಿ. ಬೇಕಾದ್ರ ಒಂದು ಭಜನಿ ಹಾಡ್ರಿ." ದನಿ ಗಾಡಿಯ ಕೆಳಗಿಂದ ಬಂತು.

"ಅಲ್ಲಾಡದ ಭಜನಿ ಹೆಂಗ ಹಾಡೂದ್ರಿ?"

"ಹಂಗಾರ ಮನಸ್ಸಿನ್ಯಾಗ ಹಾಡ್ರಿ."

ಅವರು ಮನಸ್ಸಿನಲ್ಲಿ ಹಾಡುವವರಲ್ಲ. ತಾಳ ಬಂತು, ಚಪ್ಪಾಳೆ ಬಂತು, ಗಾಡಿ ಉಯ್ಯಾಲೆಯಾಯಿತು. ಆ ಉಯ್ಯಾಲೆಯ ಕೆಳಗೇ ಬೋಲ್ಟುಗಳು ಬಿಗಿದವು. ಎಡಗಡೆಯ ಸದ್ದು ಸತ್ತಿತು. ನಿಜವಾಗಿ ಸತ್ತಿತು, ಮತ್ತೆ ಏಳಲಿಲ್ಲ.

ಆದರೆ ಎಡಗಡೆ ಮೌನವಾದ ಮೇಲೆ, ಅದುವರೆಗೆ ಅದರ ಗದ್ದಲದಲ್ಲಿ ಅಡಗಿ ಕುಳಿತಿದ್ದ ಇನ್ನೊಂದು ಸದ್ದು ಬಲಗಡೆಯಿಂದ ಕೇಳಿಸಿತು. ಟಕ್.

ಬಲಗಡೆಯದನ್ನು ಬಿಚ್ಚಿ ಮುಗಿಸುವಷ್ಟು ದಿನ ಉಳಿದಿರಲಿಲ್ಲ. ತಂಗಿ ಬಾಡಿಗೆ ಗಾಡಿಗೆ ಹೇಳಿಬಿಟ್ಟಿದ್ದಳು. ನುಮಾಯಿಷ್‌ನ ಮೊದಲ ದಿನ, ಬೆಳಗಿನ ತಿಂಡಿಯ ಹೊತ್ತಿಗೆ ಅದು ಬಾಗಿಲಲ್ಲಿ ಬಂದು ನಿಂತಿತು. ಮಹಾಶಯರು ಎಂದಿನಂತೆ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಹೊರಗೆ ಬಂದವರು ಆ ಗಾಡಿಯನ್ನು ನೋಡಿದರು. ಜಗಳ ತೆಗೆಯಲಿಲ್ಲ. ತಾವೇ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು ಅದರಲ್ಲಿಟ್ಟರು. ಸಂದಿಗಳಿಗೆ ಹಳೆಯ ಚಾದರ ತುರುಕಿದರು. ಚಾಲಕನಿಗೆ ಯಾವ ಯಾವ ಮೂಲೆಯಲ್ಲಿ ಹಳ್ಳಗಳಿವೆಯೆಂದು ವಿವರವಾಗಿ ಹೇಳಿದರು. ಆಮೇಲೆ ಬಂದು ಮೆಟ್ಟಿಲ ಮೇಲೆ ಕುಳಿತರು. ಕೈ ಮೊಣಕಾಲ ಮೇಲಿತ್ತು. ಕಾಲು ಅಲ್ಲಾಡಲಿಲ್ಲ. ನಾನು ಎಷ್ಟೋ ವರ್ಷಗಳಿಂದ ಅವರು ಒಂದು ಕಡೆ ಕುಳಿತರೆ ಸಾಕೆಂದು ಹರಕೆ ಹೊತ್ತವಳು. ಅಂದು ನೋಡಲಾಗದೆ ಮುಖ ತಿರುಗಿಸಿದೆ.

ತಂಗಿ ಹೊಸ ಸೀರೆಯುಟ್ಟು, ಬಾಗಿಲಿಗೆ ಬೀಗ ಹಾಕಿ ಬಂದಳು. ಮೆಟ್ಟಿಲ ಹತ್ತಿರ ನಿಂತು, "ಏಳ್ರಿ. ಗಾಡಿ ತೆಗೀರಿ" ಎಂದಳು.

"ಬಾಡಿಗಿ ಗಾಡಿ ಬಂದೈತಲ್ಲ."

"ಅದು ರೊಟ್ಟಿಗಿ."

"ಮತ್ತ ನೀ?"

"ನಾ ನಮ್ಮ ಗಾಡ್ಯಾಗ ಬರ್ತೀನಿ."

"ಬಲಗಡಿ ಇನ್ನೂ ಹೊಡೀತೈತಿ ಅದು."

"ಹೊಡೀಲಿ ಬಿಡ್ರಿ. ರೊಟ್ಟಿ ಮುರೀತಾವ, ನಾ ಮುರ್ಯಾಂಗಿಲ್ಲ."

ಅವರು ಎದ್ದರು. ಪಿಕಪ್ಪಿನ ಎಡಬಾಗಿಲು ತೆರೆದು, ಹೆಗಲ ಮೇಲಿನ ಟವೆಲಿನಿಂದ ಸೀಟು ಒರೆಸಿದರು. ಟವೆಲಿನಲ್ಲಿದ್ದ ಗ್ರೀಸು ಸೀಟಿಗೆ ಹತ್ತಿತು. ಅದನ್ನು ನೋಡಿದರು, ತಂಗಿಯ ಹೊಸ ಸೀರೆಯನ್ನು ನೋಡಿದರು. ಟವೆಲ್ ಬಿಸಾಕಿ, ತಮ್ಮ ಇಸ್ತ್ರಿ ಅಂಗಿಯನ್ನು ಬಿಚ್ಚಿ ಸೀಟಿನ ಮೇಲೆ ಹಾಸಿ, ಬರಿ ಬನಿಯನ್ನಿನಲ್ಲಿ ಸ್ಟೇರಿಂಗ್ ಮುಂದೆ ಹೋಗಿ ಕುಳಿತರು. "ಮಂದಿ ಏನಂತಾರ, ಅಂಗಿ ಹಾಕ್ಕೋರಿ" ಎಂದು ತಂಗಿ ಬೈಯುತ್ತಲೇ ಹತ್ತಿದಳು.

ರೊಟ್ಟಿಯ ಕಾವಲಿಗೆ ನಾನು ಬಾಡಿಗೆ ಗಾಡಿಯಲ್ಲಿ ಹೋದೆ. ಸಿಕಂದರಾಬಾದಿನ ಸಿಗ್ನಲ್ಲಿನಲ್ಲಿ ನಿಂತಾಗ ಹಿಂತಿರುಗಿ ನೋಡಿದೆ. ಪಿಕಪ್ ಸ್ವಲ್ಪ ಹಿಂದೆ, ಹಳ್ಳದ ರಸ್ತೆಯಲ್ಲಿ, ಬಸುರಿಯನ್ನು ನಡೆಸಿಕೊಂಡು ಬರುವ ಹಾಗೆ ಬರುತ್ತಿತ್ತು. ತಂಗಿ ಕೈ ಬೀಸಿ ಏನೋ ಹೇಳುತ್ತಿದ್ದಳು. ಅವರು ಅವಳ ಕಡೆಗೆ ಸ್ವಲ್ಪ ವಾಲಿ, ಹೂಂಗುಟ್ಟುತ್ತಿದ್ದರು. ಬಲಗಡೆಯ ಚಕ್ರ ಹೊಡೆಯುತ್ತಲೇ ಇದ್ದಿರಬೇಕು. ಅವರಿಬ್ಬರಿಗೂ ಅದು ಕೇಳಿಸುತ್ತಿದ್ದ ಹಾಗೆ ಕಾಣಲಿಲ್ಲ.